ಎಚ್ಚರಿಸುವ ಹಕ್ಕು: ಬಾಸ್ಟನ್ ಪಾದ್ರಿಗಳು ಎದುರಿಸಿದ ಧರ್ಮಪ್ರಶ್ನೆ

ನಾಳೆ ಕೊಲೆ ಮಾಡಬಹುದಾದವನನ್ನು ಇಂದು ಹೇಗೆ ಕಾಣಬೇಕು ಎಂಬುದು ಧರ್ಮಚಿಂತನೆಯ ಹಳೆಯ ಪ್ರಶ್ನೆಗಳಲ್ಲಿ ಒಂದು. ಅವನನ್ನು ಹಿಡಿದು ದೂರವಿಡುವುದು ನ್ಯಾಯ ಎನ್ನುವವರಿದ್ದಾರೆ. ಕೈಹಿಡಿದು ದಾರಿಗೆ ತರುವುದು ಧರ್ಮ ಎನ್ನುವವರೂ ಇದ್ದಾರೆ. ಅಮೆರಿಕದ ಬಾಸ್ಟನ್ ನಗರದಲ್ಲಿ 1990ರ ದಶಕದಲ್ಲಿ ಪೊಲೀಸರು, ಪ್ರೊಬೇಷನ್ (ಜೈಲಿನ ಬದಲು ನಿಗಾದಡಿ ಬಿಡುಗಡೆ) ಅಧಿಕಾರಿಗಳು, ಸರ್ಕಾರಿ ವಕೀಲರು, ಬೀದಿ ಕಾರ್ಯಕರ್ತರು ಮತ್ತು ಚರ್ಚುಗಳ ಪಾದ್ರಿಗಳು ಕೊಲೆಗಳನ್ನು ತಡೆಯಲು ಒಟ್ಟುಗೂಡಿದಾಗ ಈ ಎರಡೂ ನಿಲುವುಗಳು ಒಂದೇ ಕೋಣೆಯಲ್ಲಿ ಎದುರುಬದುರಾದವು. ದಂಡ ಮತ್ತು ಕರುಣೆ ಒಂದೇ ಬಾಯಿಂದ ಬರಬಹುದೇ ಎಂಬ ಪ್ರಶ್ನೆಗೆ ಅಲ್ಲಿನ ಅನುಭವ ಒಂದು ಗಂಭೀರ ಉತ್ತರವನ್ನು ಕೊಡುತ್ತದೆ.

1990ರಲ್ಲಿ ಬಾಸ್ಟನ್‌ನಲ್ಲಿ 152 ಕೊಲೆಗಳಾದವು. ಸತ್ತವರಲ್ಲಿ ಬಹಳಷ್ಟು ಮಂದಿ ರಾಕ್ಸ್‌ಬರಿ, ಡಾರ್ಚೆಸ್ಟರ್, ಮ್ಯಾಟಪ್ಯಾನ್‌ನಂಥ ಬಡ ಬಡಾವಣೆಗಳ ಕಪ್ಪುವರ್ಣೀಯ ಯುವಕರು. ಆ ಬಡಾವಣೆಗಳಿಗೆ ಪೊಲೀಸರ ಮೇಲೂ ನಂಬಿಕೆ ಉಳಿದಿರಲಿಲ್ಲ. 1989ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ಬಿಳಿಯ ವ್ಯಕ್ತಿ ತನ್ನ ಗರ್ಭಿಣಿ ಹೆಂಡತಿಯನ್ನು ಕಪ್ಪುವರ್ಣದವನೊಬ್ಬ ಗುಂಡಿಟ್ಟು ಕೊಂದನೆಂದು ದೂರಿದ್ದ. ಪೊಲೀಸರು ಮಿಷನ್ ಹಿಲ್ ಬಡಾವಣೆಗೆ ನುಗ್ಗಿ ಕಂಡ ಕಂಡ ಕಪ್ಪು ಯುವಕರನ್ನು ತಡೆದು ಜೇಬು ತಡಕಿದರು. ಕೊಲೆಯ ಹಿಂದೆ ಗಂಡನೇ ಇದ್ದನೆಂಬುದು ಬಯಲಾಗುವ ಹೊತ್ತಿಗೆ ಆಗಬೇಕಾದ ಗಾಯ ಆಗಿಹೋಗಿತ್ತು. ಒಂದು ಕಡೆ ಗುಂಡಿನ ಭಯ, ಇನ್ನೊಂದು ಕಡೆ ರಕ್ಷಿಸಬೇಕಾದವರ ಭಯ. ಜನ ಇವೆರಡರ ನಡುವೆ ಬದುಕುತ್ತಿದ್ದರು.

1992ರ ಮೇ ತಿಂಗಳಲ್ಲಿ ಮ್ಯಾಟಪ್ಯಾನ್‌ನ ಮಾರ್ನಿಂಗ್ ಸ್ಟಾರ್ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಗುಂಡೇಟಿಗೆ ಬಲಿಯಾದ ಯುವಕನೊಬ್ಬನ ಅಂತ್ಯಸಂಸ್ಕಾರದ ಪ್ರಾರ್ಥನೆ ನಡೆದಿತ್ತು. ಗ್ಯಾಂಗಿನ ಹುಡುಗರು ಒಳನುಗ್ಗಿ, ಶೋಕಕ್ಕೆ ಬಂದಿದ್ದವರ ಎದುರಿಗೇ ಒಬ್ಬನನ್ನು ಹೊಡೆದು ಇರಿದರು. ಬೀದಿಗೆ ಇಳಿಯದ ಚರ್ಚಿನೊಳಕ್ಕೆ ಬೀದಿಯೇ ಬಂದಿತ್ತು. ಪಾದ್ರಿಗಳಾದ ಯೂಜೀನ್ ರಿವರ್ಸ್, ಜೆಫ್ರಿ ಬ್ರೌನ್, ವೈದ್ಯರೂ ಆಗಿದ್ದ ರೇ ಹ್ಯಾಮಂಡ್ ಮೊದಲಾದವರು ಅದೇ ವರ್ಷ 'ಟೆನ್ ಪಾಯಿಂಟ್ ಕೊಯಲಿಷನ್' ಎಂಬ ಒಕ್ಕೂಟ ಕಟ್ಟಿದರು. ಚರ್ಚುಗಳು ಗ್ಯಾಂಗುಗಳ ಹುಡುಗರನ್ನೇ ದತ್ತು ತೆಗೆದುಕೊಳ್ಳಬೇಕು, ನ್ಯಾಯಾಲಯಕ್ಕೆ ಬರುವ ಎಳೆಯರ ಪರವಾಗಿ ನಿಲ್ಲಬೇಕು ಎಂಬವು ಅವರ ಹತ್ತು ಅಂಶಗಳಲ್ಲಿ ಸೇರಿದ್ದವು. ಪಾದ್ರಿಗಳು ಶುಕ್ರವಾರದ ರಾತ್ರಿಗಳಲ್ಲಿ ಹತ್ತು ಗಂಟೆಗೆ ಹೊರಟು ಮಧ್ಯರಾತ್ರಿ ದಾಟುವವರೆಗೂ ಬೀದಿ ಸುತ್ತತೊಡಗಿದರು. ಹುಡುಗರು ಮೊದಮೊದಲು ದೂರದಿಂದಲೇ ನೋಡಿದರು. ಇವರು ವಾರವಾರವೂ ಬರುತ್ತಾರೆ, ಇವರ ಹಿಂದೆ ಟಿವಿ ಕ್ಯಾಮೆರಾ ಇಲ್ಲ ಎಂಬುದು ಖಾತ್ರಿಯಾದ ಮೇಲೆ ಮಾತಿಗೆ ನಿಂತರು.

1995ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇವಿಡ್ ಕೆನಡಿ, ಆಂಥನಿ ಬ್ರಾಗಾ, ಆ್ಯನ್ ಪೀಲ್ ಪೊಲೀಸರೊಂದಿಗೆ ಸೇರಿ ಈ ಕೊಲೆಗಳ ಅಧ್ಯಯನಕ್ಕೆ ತೊಡಗಿದರು. ನಗರದ ಯುವಜನರಲ್ಲಿ ಶೇ. 1ಕ್ಕೂ ಕಡಿಮೆ, ಅಂದರೆ ಸುಮಾರು 1,300 ಮಂದಿ ಇದ್ದ ಗ್ಯಾಂಗುಗಳು ಯುವಜನರ ಕೊಲೆಗಳಲ್ಲಿ ಕನಿಷ್ಠ ಶೇ. 60ಕ್ಕೆ ಕಾರಣವಾಗಿದ್ದವು. ಕೊಂದವರೂ ಸತ್ತವರೂ ಬಹುಮಟ್ಟಿಗೆ ಒಂದೇ ವಲಯದವರು; ಸೇಡು ಅವರನ್ನು ಬಲಿಯ ಸ್ಥಾನದಿಂದ ಹಂತಕನ ಸ್ಥಾನಕ್ಕೂ ಅಲ್ಲಿಂದ ಮರಳಿ ಬಲಿಯ ಸ್ಥಾನಕ್ಕೂ ತಳ್ಳುತ್ತಿತ್ತು. ಇದರ ಆಧಾರದ ಮೇಲೆ ರೂಪುಗೊಂಡ ಕಾರ್ಯಯೋಜನೆಯೇ 'ಆಪರೇಷನ್ ಸೀಸ್‌ಫೈರ್'. 1996ರ ಮೇ ತಿಂಗಳಲ್ಲಿ ಗ್ಯಾಂಗೊಂದರ ಸದಸ್ಯರನ್ನು ಸಭೆಗೆ ಕರೆದು ನೇರವಾಗಿ ಹೇಳಲಾಯಿತು: ಕೊಲೆಗಳು ನಿಲ್ಲಬೇಕು, ಗುಂಪಿನಲ್ಲಿ ಒಬ್ಬ ಕೊಂದರೂ ಇಡೀ ಗುಂಪಿನ ಮೇಲೆ ಕಾನೂನಿನ ಕಣ್ಣು ಬೀಳುತ್ತದೆ, ಬದಲಾಗಬೇಕೆನ್ನುವವರಿಗೆ ಓದು, ಉದ್ಯೋಗ, ರಕ್ಷಣೆಗೆ ನೆರವು ಸಿಗುತ್ತದೆ. ಒಂದೇ ಒಂದು ಗುಂಡು ಇಟ್ಟುಕೊಂಡಿದ್ದಕ್ಕೆ ಫೆಡರಲ್ ಕಾನೂನಿನಡಿ ಸುಮಾರು ಇಪ್ಪತ್ತು ವರ್ಷ ಜೈಲುಶಿಕ್ಷೆ ಪಡೆದವನೊಬ್ಬನ ಪ್ರಕರಣವನ್ನು ಅವರ ಮುಂದಿಡಲಾಗುತ್ತಿತ್ತು. ಆ ಬೆದರಿಕೆಯ ಪಕ್ಕದಲ್ಲೇ ಪಾದ್ರಿಗಳು ಕುಳಿತಿರುತ್ತಿದ್ದರು.

ಇಲ್ಲಿ ಮೊದಲ ಧರ್ಮಪ್ರಶ್ನೆ ಏಳುತ್ತದೆ: ಕ್ಷಮೆಯನ್ನು ಬೋಧಿಸುವವರು ಶಿಕ್ಷೆಯ ಬೆದರಿಕೆಗೆ ದನಿಗೂಡಿಸಬಹುದೇ? ಬೈಬಲ್ಲಿನ ಯೆಹೆಜ್ಕೇಲನ ಗ್ರಂಥದಲ್ಲಿ ಬರುವ ಕಾವಲುಗಾರನ ಮಾತು ಈ ಸಂದರ್ಭಕ್ಕೆ ಒದಗುತ್ತದೆ. ಕತ್ತಿ ಬರುವುದನ್ನು ಕಂಡೂ ಕೊಂಬೂದದ ಕಾವಲುಗಾರ ಸತ್ತವರ ರಕ್ತಕ್ಕೆ ಹೊಣೆಗಾರನಾಗುತ್ತಾನೆ; ಊದಿ ಎಚ್ಚರಿಸಿದವನ ಕರ್ತವ್ಯ ಮುಗಿಯುತ್ತದೆ. ಈ ನೋಟದಲ್ಲಿ ಎಚ್ಚರಿಕೆಯೇ ಕರುಣೆಯ ಒಂದು ರೂಪ. ಶಿಕ್ಷೆ ಹೇಗಿದ್ದರೂ ಬರುವುದಾದರೆ, ಅದನ್ನು ಮೊದಲೇ ತಿಳಿಸಿ ತಪ್ಪಿಸಿಕೊಳ್ಳುವ ದಾರಿ ತೋರಿಸುವುದು ಹೊಂಚು ಹಾಕಿ ಹಿಡಿಯುವುದಕ್ಕಿಂತ ಮೇಲು. ಆದರೆ ಬಾಸ್ಟನ್‌ನಲ್ಲಿ ಕರ್ತವ್ಯ ಕೊಂಬೂದುವಲ್ಲಿಗೆ ಮುಗಿಯಲಿಲ್ಲ. ಎಚ್ಚರಿಸಿದವರೇ ಮರುದಿನ ಕೆಲಸ ಹುಡುಕಿಕೊಡಲು ಓಡಾಡಬೇಕಿತ್ತು.

ಎರಡನೆಯ ಪ್ರಶ್ನೆ ಇದಕ್ಕಿಂತ ಕಠಿಣವಾದುದು. ಒಬ್ಬನ ಕೃತ್ಯಕ್ಕೆ ಗುಂಪನ್ನೆಲ್ಲ ಹೊಣೆಯಾಗಿಸುವುದು ನ್ಯಾಯವೇ? ಮಗನ ಪಾಪ ತಂದೆಗಿಲ್ಲ, ತಂದೆಯ ಪಾಪ ಮಗನಿಗಿಲ್ಲ ಎಂದು ಅದೇ ಯೆಹೆಜ್ಕೇಲನ ಗ್ರಂಥ ಸಾರುತ್ತದೆ. ಕರ್ಮಸಿದ್ಧಾಂತದ ನಿಲುವೂ ಬಹುಮಟ್ಟಿಗೆ ಅದೇ: ಮಾಡಿದವರ ಪಾಪ ಪಕ್ಕದಲ್ಲಿ ನಿಂತವರ ಲೆಕ್ಕಕ್ಕೆ ಸೇರದು. ಸೀಸ್‌ಫೈರ್‌ನ ಸಮರ್ಥಕರ ಉತ್ತರ ಹೀಗಿದೆ: ಯಾರನ್ನೂ ಇನ್ನೊಬ್ಬನ ಕೊಲೆಗಾಗಿ ಶಿಕ್ಷಿಸುವುದಿಲ್ಲ, ಅವರವರು ಮಾಡಿದ ಮಾದಕವಸ್ತು ಮಾರಾಟ, ಪ್ರೊಬೇಷನ್ ಉಲ್ಲಂಘನೆಗಳ ಮೇಲೆಯೇ ಕ್ರಮ. ಈ ಉತ್ತರದಲ್ಲಿ ಸತ್ಯವಿದೆ, ಆದರೆ ಪೂರ್ತಿ ಸಮಾಧಾನವಿಲ್ಲ. ನಿನ್ನೆ ಕಂಡೂ ಬಿಟ್ಟ ತಪ್ಪಿಗೆ ಇಂದು ಗೆಳೆಯನ ಕೃತ್ಯದಿಂದಾಗಿ ಶಿಕ್ಷೆಯಾಗುವುದಾದರೆ, ಆ ಶಿಕ್ಷೆಯ ಕಾರಣ ಅರ್ಧ ಹೊರಗಿನದೇ. ಆದ್ದರಿಂದ ಈ ಉಪಾಯ ನ್ಯಾಯವೆನಿಸಲು ಎರಡು ಕಟ್ಟುಪಾಡುಗಳು ಬೇಕು: ಮುನ್ಸೂಚನೆ ಇಲ್ಲದೆ ಕ್ರಮ ಇರಬಾರದು, ಗುಂಪಿನಲ್ಲಿ ಇದ್ದಾನೆಂಬ ಅನುಮಾನವೊಂದೇ ಯಾರ ಮೇಲೂ ಅಪರಾಧವಾಗಬಾರದು.

ಈ ಕಟ್ಟುಪಾಡುಗಳನ್ನು ಕಾಯುವವರು ಯಾರು ಎಂಬುದೇ ಮೂರನೆಯ ಪ್ರಶ್ನೆ. ಸಮಾಜಶಾಸ್ತ್ರಜ್ಞ ಕ್ರಿಸ್ಟಫರ್ ವಿನ್‌ಶಿಪ್ ಮತ್ತು ಜೆನಿ ಬೆರಿಯನ್ 1999ರಲ್ಲಿ ಬರೆದ ಲೇಖನವೊಂದರಲ್ಲಿ, ಪಾದ್ರಿಗಳು ಪೊಲೀಸರ ಕೆಲಸಕ್ಕೆ ಜನಮನ್ನಣೆಯ ಕೊಡೆ ಹಿಡಿದರೆಂದು ವಿವರಿಸಿದರು. ಆ ನೆರಳು ನಿಜವಾದ ಅಪಾಯವಿರುವ ಕೆಲವರ ಮೇಲಿನ ನ್ಯಾಯವಾದ ಕ್ರಮಕ್ಕೆ ಮಾತ್ರ ಸಲ್ಲುತ್ತಿತ್ತು. ಪೊಲೀಸರು ಎಲ್ಲ ಕಪ್ಪು ಹುಡುಗರ ಮೇಲೂ ಎರಗಿದರೆ ಪಾದ್ರಿಗಳು ಬಹಿರಂಗವಾಗಿ ಎದುರು ನಿಲ್ಲುತ್ತಿದ್ದರು. ತಪ್ಪಿದಾಗ ಅಧಿಕಾರವನ್ನು ಪ್ರಶ್ನಿಸುವವನಿಗೆ ಮಾತ್ರ, ಅದು ಸರಿದಾರಿಯಲ್ಲಿದ್ದಾಗ ಬೆಂಬಲಿಸುವ ನೈತಿಕ ಅರ್ಹತೆ ಇರುತ್ತದೆ.

ಕೊನೆಯ ಪ್ರಶ್ನೆ ಕ್ಷಮೆಯದು. ಬೌದ್ಧರ ಅಂಗುಲಿಮಾಲ ಸುತ್ತದಲ್ಲಿ ಹಂತಕನು ಭಿಕ್ಷುವಾದದ್ದನ್ನು ಕಂಡು ಪಸೇನದಿ ರಾಜ ದಂಡವನ್ನು ಕೈಬಿಡುತ್ತಾನೆ. ಆದರೂ ಭಿಕ್ಷೆಗೆ ಹೋದ ಅಂಗುಲಿಮಾಲ ಕಲ್ಲೇಟು ತಿಂದು, ಒಡೆದ ಪಾತ್ರೆ, ಹರಿದ ಚೀವರದೊಂದಿಗೆ ಮರಳುತ್ತಾನೆ. ಅದು ನಿನ್ನ ಕರ್ಮದ ಫಲ, ಸಹಿಸಿಕೋ ಎನ್ನುತ್ತಾನೆ ಬುದ್ಧ. ಬದಲಾವಣೆಗೆ ಬಾಗಿಲು ತೆರೆಯುವುದು ಬೇರೆ, ಆದ ನಷ್ಟವನ್ನು ಅಳಿಸುವುದು ಬೇರೆ. ಬಾಸ್ಟನ್‌ನ ಕ್ಲೆಮೆಂಟಿನಾ ಶೆರಿ ಅವರ ಬದುಕು ಈ ಭೇದವನ್ನು ಸ್ಪಷ್ಟಪಡಿಸುತ್ತದೆ. ಅವರ 15 ವರ್ಷದ ಮಗ ಲೂಯಿ ಬ್ರೌನ್ 1993ರ ಡಿಸೆಂಬರ್‌ನಲ್ಲಿ, ಗ್ಯಾಂಗ್ ಹಿಂಸೆಯನ್ನು ವಿರೋಧಿಸುವ ಯುವಕರ ಕ್ರಿಸ್‌ಮಸ್ ಕೂಟಕ್ಕೆ ಹೊರಟಿದ್ದಾಗ, ಇತರರ ಗುಂಡಿನ ಕಾಳಗದ ನಡುವೆ ಸಿಕ್ಕಿ ಸತ್ತ. ಮರುವರ್ಷ ಅವರು ಮಗನ ಹೆಸರಿನಲ್ಲಿ ಶಾಂತಿ ಸಂಸ್ಥೆಯೊಂದನ್ನು ಕಟ್ಟಿದರು. ಕೊಲೆಯಾದವರ ಮನೆಯವರಿಗೆ ಅಂತ್ಯಕ್ರಿಯೆಯ ಹೊತ್ತಿನಿಂದಲೇ ಜೊತೆ ನಿಲ್ಲುವ ಈ ಸಂಸ್ಥೆ, ಕೊಲೆ ಮಾಡಿ ಜೈಲು ಸೇರಿದವರ ಮನೆಯವರಿಗೂ ಆಸರೆಯಾಗುತ್ತದೆ. ನೊಂದವರ ಪರವಾಗಿ ಕ್ಷಮಿಸುವ ಅಧಿಕಾರ ಸರ್ಕಾರಕ್ಕಾಗಲಿ ಚರ್ಚಿಗಾಗಲಿ ಇಲ್ಲ. ಹಾಗಾಗಿ ಹಿಂಸೆಯಲ್ಲಿ ತೊಡಗಿದವರಿಗೆ ಕೊಡುವ ನೆರವು ನ್ಯಾಯವೆನಿಸುವುದು, ನೊಂದವರು ಹಿಂದೆ ಬೀಳದಂತೆ ನೋಡಿಕೊಂಡಾಗ ಮಾತ್ರ.

ಸೀಸ್‌ಫೈರ್‌ನ ಫಲದ ವಿಷಯದಲ್ಲಿ ಅಳತೆ ತಪ್ಪಬಾರದು. 2001ರಲ್ಲಿ ಪ್ರಕಟವಾದ ಮೌಲ್ಯಮಾಪನ, ಯುವಜನರ ಕೊಲೆಗಳ ಮಾಸಿಕ ಸರಾಸರಿ ಶೇ. 63ರಷ್ಟು ಇಳಿದದ್ದನ್ನು ದಾಖಲಿಸಿತು. 1990ರ ದಶಕದಲ್ಲಿ ಅಮೆರಿಕದ ಅನೇಕ ನಗರಗಳಲ್ಲಿ ಕೊಲೆಗಳು ಇಳಿದಿದ್ದರಿಂದ, ಶ್ರೇಯಸ್ಸೆಲ್ಲ ಸೀಸ್‌ಫೈರ್‌ನದೇ ಎಂಬುದನ್ನು ಕೆಲವು ವಿದ್ವಾಂಸರು ಒಪ್ಪುವುದಿಲ್ಲ. 2000ದ ಹೊತ್ತಿಗೆ ಸಹಭಾಗಿತ್ವ ಸಡಿಲಗೊಂಡಿತು, ಮುಂದಿನ ವರ್ಷಗಳಲ್ಲಿ ಹಿಂಸೆ ಮತ್ತೆ ಏರಿತು. ಆ ದಶಕದ ಕೊನೆಯ ಭಾಗದಲ್ಲಿ ಕೆಲಸವನ್ನು ಮತ್ತೆ ಕೈಗೆತ್ತಿಕೊಳ್ಳಬೇಕಾಯಿತು. ಒಮ್ಮೆ ನಡೆಸಿ ಮುಗಿಸುವ ಕಾರ್ಯಕ್ರಮವಾಗಿ ಇದನ್ನು ಕಂಡಲ್ಲೆಲ್ಲ ಇದು ಸೋಲುತ್ತದೆ.

ದಂಡ ಮತ್ತು ಕರುಣೆ ಒಂದೇ ಬಾಯಿಂದ ಬರಬಹುದು, ಆದರೆ ಎಲ್ಲ ಬಾಯಿಂದಲೂ ಅಲ್ಲ. ರಾತ್ರಿ ಬೀದಿಯಲ್ಲಿ ಜೊತೆ ನಡೆದವರು, ನ್ಯಾಯಾಲಯದಲ್ಲಿ ಪಕ್ಕದಲ್ಲಿ ಕುಳಿತವರು, ಪೊಲೀಸರಿಗೂ ಮುಖದ ಮೇಲೆ ಸತ್ಯ ಹೇಳಿದವರು, ಶವದ ಮುಂದೆ ತಾಯಿಯ ಕೈ ಹಿಡಿದವರು 'ಇನ್ನು ಸಾಕು' ಎಂದಾಗ ಆ ಮಾತಿಗೆ ತೂಕ ಬರುತ್ತದೆ. ಸಾಯಬಹುದಾದವನನ್ನೂ ಕೊಲ್ಲಬಹುದಾದವನನ್ನೂ ನಗರವೊಂದು ತನ್ನ ಮಕ್ಕಳೆಂದೇ ಎಣಿಸಿದಾಗ ಮಾತ್ರ ಅದಕ್ಕೆ ಇಬ್ಬರನ್ನೂ ಎಚ್ಚರಿಸುವ ಹಕ್ಕು ದಕ್ಕುತ್ತದೆ.