ಮಾತಾಡಿಸಲು ಬಂದವರು

ಬೀದರ್ ಬಸ್‌ಸ್ಟ್ಯಾಂಡಿನಲ್ಲಿ ಎಕ್ಸ್‌ರೇ ಕವರು ಹಿಡಿದು ಹೈದರಾಬಾದ್ ಬಸ್ಸು ಹತ್ತಿದವನ ಸುದ್ದಿ, ಬಸ್ಸು ಜಹೀರಾಬಾದ್ ದಾಟುವ ಮೊದಲೇ ಅವನ ಊರು ತಲುಪಿರುತ್ತದೆ. ಯಾರಿಗೆ ಹೇಳಬಾರದು ಎಂದು ಎಲ್ಲರೂ ಸೇರಿ ತೀರ್ಮಾನಿಸುತ್ತಾರೋ ಅವನ ಕೈಯಲ್ಲೇ ಕವರು ಇರುತ್ತದೆ.

*

ಅವನಿಗೂ ಗೊತ್ತಿರುತ್ತದೆ. ಗೊತ್ತಿಲ್ಲದವನಂತೆ ಇರುವುದು ಅವನು ಮನೆಯವರಿಗೆ ಮಾಡುತ್ತಿರುವ ಉಪಕಾರ.

*

"ಏನ್ ಅಂದ್ರಪಾ ಡಾಕ್ಟರ್?" ತಾಯಿ ಕೇಳುತ್ತಾಳೆ. ಡಾಕ್ಟರು ತೆಲುಗು ಬೆರೆತ ಹಿಂದಿಯಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದೆಲ್ಲ ಮಗನ ಬಾಯಲ್ಲಿ ಒಂದು ಸಾಲಾಗಿ ಹೊರಬರುತ್ತದೆ: "ಏನೂ ಇಲ್ಲವ್ವಾ, ಗುಳಿಗಿ ಬರ್ಕೊಟ್ಟಾರ." ಮಗ ಸುಳ್ಳುಗಾರನಲ್ಲ. ಆ ಸುದ್ದಿ ಅವನಿಗೂ ಆಗಲೇ ಬಿದ್ದದ್ದು. ಕೇಳಿದ ಗಳಿಗೆಯಲ್ಲೇ ಅದನ್ನು ಕನ್ನಡಕ್ಕೋ ಮರಾಠಿಗೋ ಲಂಬಾಣಿಗೋ ತಿರುಗಿಸಿ ಹೆತ್ತವಳ ಮುಂದಿಡು ಎನ್ನುವುದು ಯಾವ ಮಗನ ಮೇಲೂ ಹೇರಬಾರದ ಕೆಲಸ. ಔರಾದದಿಂದ ಹೋದ ಮುದುಕಿಗೆ ಹೈದರಾಬಾದಿನ ವಾರ್ಡ್‌ಬಾಯ್‌ನ ದಖನಿ ಅರ್ಥವಾಗುತ್ತದೆ, ಡಾಕ್ಟರ ಮಾತು ಆಗುವುದಿಲ್ಲ. ದೊಡ್ಡ ಆಸ್ಪತ್ರೆಗಳು ಸ್ಕ್ಯಾನಿಂಗ್ ಯಂತ್ರಕ್ಕೆ ಕೋಟಿ ಸುರಿಯುತ್ತವೆ. ರೋಗಿಯ ಮಾತು ಬಲ್ಲ ಒಬ್ಬ ಮೂರನೆಯವನನ್ನು ಆ ಕೋಣೆಯಲ್ಲಿ ಕೂರಿಸಲು ಅದರಲ್ಲಿ ಎಷ್ಟು ಪಾಲು ಬೇಕಾದೀತು?

*

ಮುಚ್ಚಿಡಬೇಕೆಂದು ಮನೆಯವರೆಲ್ಲ ಆಣೆ ಮಾಡಿರುತ್ತಾರೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ಟಿನ ರಿಯಾಯಿತಿ ಇದೆ ಎಂದು ಯಾರೋ ಹೇಳುತ್ತಾರೆ. ಅದಕ್ಕೊಂದು ಸರ್ಟಿಫಿಕೇಟು ಬೇಕು. ಸರ್ಟಿಫಿಕೇಟಿನಲ್ಲಿ ರೋಗದ ಹೆಸರಿರುತ್ತದೆ. ಟಿಸಿ ಬಂದು ಓದುತ್ತಾನೆ. ಮೇಲಿನ ಬರ್ತಿನಲ್ಲಿ ಮಲಗಿದವನೂ ಕೇಳಿಸಿಕೊಳ್ಳುತ್ತಾನೆ.

*

'ನಮ್ಮ ಸಂಸ್ಕೃತಿಯಲ್ಲಿ ರೋಗಿಗೆ ಹೇಳುವ ಪದ್ಧತಿ ಇಲ್ಲ' ಎನ್ನುವವರುಂಟು. ಅಮೆರಿಕದಲ್ಲಿ 1961ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯಲ್ಲಿ ಶೇಕಡ 90ರಷ್ಟು ವೈದ್ಯರು ಕ್ಯಾನ್ಸರ್ ಇದ್ದರೆ ರೋಗಿಗೆ ಹೇಳದಿರುವುದೇ ಲೇಸು ಎಂದಿದ್ದರು. 1979ರಲ್ಲಿ ಮತ್ತೆ ಕೇಳಿದಾಗ ಶೇಕಡ 97 ಮಂದಿ ಹೇಳುವುದೇ ಸರಿ ಎಂದರು. ಹದಿನೆಂಟು ವರ್ಷದಲ್ಲಿ ತಿರುವುಮುರುವಾಗುವುದಕ್ಕೆ ಸಂಸ್ಕೃತಿ ಎಂಬ ದೊಡ್ಡ ಹೆಸರು ಯಾಕೆ, ರೂಢಿ ಎಂದರೆ ಸಾಕು. ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. ಆ ಹದಿನೆಂಟು ವರ್ಷದಲ್ಲಿ ಅಲ್ಲಿ ಚಿಕಿತ್ಸೆಯೂ ಸುಧಾರಿಸಿತ್ತು. ಮುಂದಿನ ದಾರಿ ಕಾಣುವಾಗ ಬಾಯಿ ತೆರೆಯುವುದು ಸುಲಭ. ಔರಾದದ ತಾಂಡಾದಿಂದ ನೋಡಿದರೆ ಆ ದಾರಿ ಇನ್ನೂ ಬಹಳ ದೂರಕ್ಕಿದೆ.

*

ಹೇಳಬೇಕೋ ಬೇಡವೋ ಎಂದು ಅಣ್ಣತಮ್ಮಂದಿರು ಅಂಗಳದಲ್ಲಿ ರಾತ್ರಿಯಿಡೀ ವಾದ ಮಾಡುತ್ತಾರೆ. ಕೆಟ್ಟ ಸುದ್ದಿಯನ್ನು ಹೇಗೆ ತಿಳಿಸಬೇಕೆಂದು ವೈದ್ಯರಿಗೆ ಕಲಿಸಲು 2000ನೇ ಇಸವಿಯಲ್ಲಿ ಆರು ಹಂತಗಳ ಒಂದು ಕ್ರಮ ಪ್ರಕಟವಾಯಿತು. ಇಂದು ಜಗತ್ತಿನ ಎಷ್ಟೋ ವೈದ್ಯಕೀಯ ಕಾಲೇಜುಗಳಲ್ಲಿ ಅದೇ ಪಾಠ. ಅದರಲ್ಲಿ ಮೊದಲನೆಯದು ಗದ್ದಲವಿಲ್ಲದ ಜಾಗದಲ್ಲಿ ಕೂರುವುದು. ಎರಡನೆಯದು, ರೋಗಿಗೆ ತನ್ನ ಬಗ್ಗೆ ಏನು ತಿಳಿದಿದೆ ಎಂದು ಕೇಳುವುದು. ಮೂರನೆಯದು, ಎಷ್ಟು ತಿಳಿಯಲು ಮನಸ್ಸಿದೆ ಎಂದು ಕೇಳುವುದು. ಹೇಳುವುದು ನಾಲ್ಕನೆಯದು. ನಾವು ನಾಲ್ಕನೆಯದರ ಮೇಲೆ ಜಗಳ ಕಾಯುತ್ತೇವೆ, ಎರಡು ಮತ್ತು ಮೂರನ್ನು ಕೇಳಿದವರೇ ಇಲ್ಲ.

*

"ನಿಮಗ ಏನ್ ಅನಸ್ತದ್ರಿ?" ಎಂದು ಕೇಳಲು ಡಾಕ್ಟರೇ ಆಗಬೇಕಿಲ್ಲ, ತಂಗಿ ಕೇಳಬಹುದು. ಕೇಳಿದ ಮೇಲೆ ಉತ್ತರ ಬರುವ ತನಕ ಮೊಬೈಲು ನೋಡದೆ ಕೂತಿರಬೇಕು, ಅಷ್ಟೇ. ಅದು ಕಷ್ಟ.

*

'ನನಗೇನೂ ಹೇಳಬ್ಯಾಡ್ರಿ, ಮಗನ್ನ ಕೇಳ್ರಿ' ಎನ್ನುವ ಮುತ್ಯಾನೂ ಇದ್ದಾನೆ. ತಿಳಿಯದೆ ಇರುವುದು ಅವನ ಹಕ್ಕು. ಆದರೆ ಹಾಗೆಂದು ಅವನೇ ಹೇಳಿರಬೇಕು, ಅವನ ಪರವಾಗಿ ಅಳಿಯ ಹೇಳಿದ್ದಾಗಿರಬಾರದು. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಡತೆಯ ನಿಯಮಗಳಲ್ಲಿ, ರೋಗದ ತೀವ್ರತೆಯನ್ನು ವೈದ್ಯ ಹಿಗ್ಗಿಸಿಯೂ ಹೇಳಬಾರದು, ತಗ್ಗಿಸಿಯೂ ಹೇಳಬಾರದು ಎಂದಿದೆ. ರೋಗಿಗೆ, ಅವನ ಬಂಧುಗಳಿಗೆ ಅಥವಾ ಹೊಣೆಯರಿತ ಸ್ನೇಹಿತರಿಗೆ ಹಿತವಾಗುವಷ್ಟು ತಿಳಿವಳಿಕೆ ಇರುವಂತೆ ನೋಡಿಕೊಳ್ಳಬೇಕು ಎಂದೂ ಇದೆ. ಸಾಲಿನಲ್ಲಿ ಮೊದಲು ಬರುವುದು ರೋಗಿ. ನಮ್ಮ ಓಪಿಡಿಯಲ್ಲಿ ಮೊದಲು ಒಳಗೆ ಹೋಗುವುದು ಕಾರು ಇರುವ ಬೀಗರು.

*

ನಿಜಾಮರ ಕಾಲದಲ್ಲಿ ಕನ್ನಡ ಶಾಲೆಗೆ ಅವಕಾಶವಿಲ್ಲದಾಗ ಭಾಲ್ಕಿಯ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿಸಿ ಒಳಗೆ ಕನ್ನಡ ಕಲಿಸಿದರು. ಈ ಸಂಗತಿ ಈ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ರೋಗಿ ಇರುವ ಮನೆಯೂ ಹೀಗೇ ನಡೆಯುತ್ತದೆ. ಹೊರಗೆ 'ಅರಾಮ ಅದ' ಎಂಬ ಬೋರ್ಡು, ಒಳಗೆ ಬೇರೆಯೇ ಪಾಠ. ಪಟ್ಟದ್ದೇವರ ಶಾಲೆಯಲ್ಲಿ ಮಾತ್ರ ಒಳಗಿದ್ದವರೆಲ್ಲ ಒಟ್ಟಿಗೇ ಓದುತ್ತಿದ್ದರು. ಇಲ್ಲಿ ಒಬ್ಬೊಬ್ಬರೂ ಒಂದೊಂದು ಕೋಣೆಯಲ್ಲಿ.

*

"ಫಿಕರ್ ಮಾಡಬ್ಯಾಡ್ರಿ" ಎನ್ನುವವರು ಬಹಳ ಸಲ ಹೇಳುತ್ತಿರುವುದು: ನನ್ನ ಮುಂದ ಮಾಡಬ್ಯಾಡ್ರಿ.

*

ಬಾಳೆಹಣ್ಣು, ಮೋಸಂಬಿ, ಬಿಸ್ಕಿಟ್ ಪುಡಿಕೆ ತಂದವರು ಜೊತೆಗೊಂದು ಕಥೆಯನ್ನೂ ತರುತ್ತಾರೆ. "ನಮ್ಮ ಬೀಗರಿಗೂ ಹಿಂಗೇ ಆಗಿತ್ತು ನೋಡ್ರಿ, ಸೋಲಾಪುರಕ್ಕ ಒಯ್ದಿದ್ರು..." ಅರ್ಧಕ್ಕೆ ಬಂದಾಗ ಬೀಗರು ಈಗ ಇಲ್ಲವೆಂಬುದು ಹೇಳುವವನಿಗೇ ನೆನಪಾಗುತ್ತದೆ. ಅಲ್ಲಿಂದ ಕಥೆ ತಟ್ಟನೆ ಮಳೆಯ ಕಡೆ ಹೊರಳುತ್ತದೆ. ಹಾಸಿಗೆಯ ಮೇಲಿದ್ದವನು ಮಿಕ್ಕ ಅರ್ಧವನ್ನು ಒಬ್ಬನೇ ಮುಗಿಸಿಕೊಳ್ಳುತ್ತಾನೆ.

*

"ಎಷ್ಟ್ ಸೊರಗೀರಿ!" ಕನ್ನಡಿ ಮನೆಯಲ್ಲೇ ಇದೆಯಲ್ಲ.

*

ಗಿಡಮೂಲಿಕೆಯವರ ವಿಳಾಸ ಕೊಡುವವರು ಕೆಟ್ಟವರಲ್ಲ. ಸಾಗರ ತಾಲೂಕಿನ ನರಸೀಪುರಕ್ಕೆ ರಾಜ್ಯದ ಎಲ್ಲ ಮೂಲೆಯಿಂದಲೂ ಜನ ಹೋಗಿ ಸಾಲು ನಿಂತಿದ್ದುಂಟು. ಬೀದರದಿಂದ ಅದು ರಾಜ್ಯದ ಆಚೆ ತುದಿ. ಕಷ್ಟವೇನೆಂದರೆ, ವಿಳಾಸ ಕೊಟ್ಟವನು ಮುಂದಿನ ವಾರ ಬಂದು "ಹೋಗಿದ್ರೇನು?" ಎನ್ನುತ್ತಾನೆ. ಅಂದಿನಿಂದ ರೋಗ ಹೆಚ್ಚಾದರೆ ಅದು ಹೋಗದವನ ತಪ್ಪು.

*

'ಹೋರಾಡು, ಗೆದ್ದೇ ಗೆಲ್ತಿ' ಎಂಬುದು ಟಿವಿಯಿಂದ ಇಳಿದು ಬಂದ ಮಾತು. ತಾವೇ ಸ್ತನ ಕ್ಯಾನ್ಸರಿಗೆ ಚಿಕಿತ್ಸೆ ಪಡೆದಿದ್ದ ಅಮೆರಿಕದ ಲೇಖಕಿ ಸೂಸನ್ ಸೊಂಟಾಗ್, ರೋಗದ ಮೇಲೆ ಯುದ್ಧದ ಮಾತುಗಳನ್ನು ಹೊದಿಸುವುದನ್ನು 1978ರಲ್ಲೇ ಒಂದು ಪುಸ್ತಕ ಬರೆದು ಟೀಕಿಸಿದರು. ಕಿಮೋ ಹತ್ತದವನು ಸೋತವನಲ್ಲ. ಅವನು ಯಾವ ಕುಸ್ತಿಗೂ ಇಳಿದಿರಲಿಲ್ಲ, ಹೊಲಕ್ಕೆ ಹೊರಟಿದ್ದ.

*

ರಾಜ್ಯದಲ್ಲಿ 2013ರಿಂದ ಗುಟ್ಕಾ ನಿಷೇಧ. ಪಾನ್ ಡಬ್ಬಿಯಲ್ಲಿ ಈಗ ಅಡಿಕೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆ. ಬಾಯಲ್ಲಿ ಎರಡೂ ಒಂದಾಗುತ್ತವೆ. ಬಾಯಿ ಕ್ಯಾನ್ಸರ್ ಆದವನ ಮುಂದೆ ಕೂತು "ತಿನಬ್ಯಾಡಂತ ಎಷ್ಟ್ ಹೇಳಿದ್ವಿ" ಎನ್ನುವುದು ಬಹಳ ಸುಲಭ. ಅವನು ತಿರುಗಿ ಮಾತಾಡಲಾರ. ಆ ಮಾತನ್ನು ಪಾನ್ ಡಬ್ಬಿಯ ಮುಂದೆ ನಿಂತಿರುವ ಅವನ ಮಗನಿಗೆ ಹೇಳಿದರೆ ಉಪಯೋಗಕ್ಕಾದರೂ ಬಂದೀತು. ಅಲ್ಲಿ ಹೇಳುವವರಿಲ್ಲ, ಮಗನ ಬಾಯಿಗೆ ಇನ್ನೂ ಮಾತಿದೆ.

*

ಕ್ಯಾನ್ಸರನ್ನು ಪಿಸುಗುಡುವ ಊರೇ ಟಿಬಿಯನ್ನು ಗಟ್ಟಿಯಾಗಿ ಹೇಳುತ್ತದೆ. ತಾಟು ಬೇರೆ, ಲೋಟ ಬೇರೆ, ಹಾಸಿಗೆ ಪಡಸಾಲೆಗೆ. ಮಾಮೂಲಿ ಟಿಬಿಗೆ ಆರು ತಿಂಗಳ ಗುಳಿಗೆ. ಔಷಧ ನಾಟಿದರೆ ಕೆಲವೇ ವಾರಗಳಲ್ಲಿ ಸೋಂಕು ಹರಡುವುದು ಬಹುಮಟ್ಟಿಗೆ ನಿಲ್ಲುತ್ತದೆ. ತಾಟು ಮಾತ್ರ ವರ್ಷ ಕಳೆದರೂ ಬೇರೆಯೇ. ಸೊಸೆಗೆ ಆಗಿದ್ದರೆ ತವರಿಗೆ ಕಳಿಸುವ ಮಾತೂ ಬರುತ್ತದೆ. ಮಗನಿಗೆ ಆಗಿದ್ದರೆ ಮೊಟ್ಟೆ, ಹಾಲು.

*

ಎಚ್‌ಐವಿ ಇರುವವರ ವಿಷಯವನ್ನು ಅವರ ಒಪ್ಪಿಗೆಯಿಲ್ಲದೆ ಬಯಲು ಮಾಡುವುದನ್ನು 2017ರ ಕಾಯ್ದೆ ತಡೆಯುತ್ತದೆ. ಹೋಟೆಲ್ ಕಟ್ಟೆಗೆ ಕಾಯ್ದೆ ಇನ್ನೂ ತಲುಪಿಲ್ಲ.

*

ಔರಾದದ ಕಡೆಯ ಹಳ್ಳಿಯೊಂದರ ಹೊಸ್ತಿಲಲ್ಲಿ ಆಶಾ ಕಾರ್ಯಕರ್ತೆ ಕೂತಿದ್ದಾಳೆ. ಮೂವತ್ತು ದಾಟಿದವರನ್ನೆಲ್ಲ ಅವಳು ಕೇಳಬೇಕು: ಬಾಯಲ್ಲಿ ಮಾಯದ ಹುಣ್ಣಿದೆಯೇ, ಎದೆಯಲ್ಲಿ ಗಂಟಿದೆಯೇ, ಮುಟ್ಟು ನಿಂತ ಮೇಲೆ ರಕ್ತ ಹೋಗುತ್ತದೆಯೇ. ಕೇಳುವಾಗ ಅತ್ತೆ ಬಾಗಿಲಲ್ಲಿ, ಗಂಡ ಕಟ್ಟೆಯ ಮೇಲೆ. "ಏನೂ ಇಲ್ಲಕ್ಕಾ" ಎಂಬ ಉತ್ತರ ಫಾರ್ಮಿಗೆ ಇಳಿಯುತ್ತದೆ. ಜಾಣ ಆಶಾ ಫಾರ್ಮು ಮಡಚಿ, ನೀರು ಕೇಳಿ, ಅಡುಗೆಮನೆಯ ತನಕ ಹೋಗುತ್ತಾಳೆ. ಬಾಗಿಲಲ್ಲಿ ಸಿಗದ ಉತ್ತರ ಕೊಡದ ಪಕ್ಕದಲ್ಲಿ ಸಿಗುತ್ತದೆ. ಈ ಜಿಲ್ಲೆಯಲ್ಲಿ ರೋಗದ ಬಗ್ಗೆ ಮಾತಾಡಲು ಬಲ್ಲವರು ಯಾರು ಎಂದು ಕೇಳಿದರೆ ಮೊದಲು ತೋರಿಸಬೇಕಾದದ್ದು ಅವಳನ್ನು. ಅವಳಿಗೆ ಗೌರವಧನ ಹೊತ್ತಿಗೆ ಬರುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಅದಕ್ಕೆ ಅವಳು ಆಗಾಗ ಬೀದಿಯಲ್ಲೇ ಕೂರಬೇಕಾಗುತ್ತದೆ.

*

ಹೆಂಗಸಿನ ರೋಗವನ್ನು ಗಂಡನಿಗೆ ಹೇಳುತ್ತಾರೆ, ಗಂಡಸಿನ ರೋಗವನ್ನು ಅಣ್ಣನಿಗೆ. ಹೆಂಡತಿಗೆ ಕಡೆಗೆ ತಿಳಿಯುತ್ತದೆ, ರಾತ್ರಿಯೆಲ್ಲ ಎದ್ದು ಕೂರುವವಳು ಅವಳೇ ಆದರೂ.

*

ಬೀದರದಲ್ಲಿ ಕಾಯಿಲೆ ಬಿದ್ದವರಿಗೆ ದೇವರ ಕೊರತೆಯಿಲ್ಲ. ಅಷ್ಟೂರಿನಲ್ಲಿ ಅಹ್ಮದ್ ಶಾ ವಲಿಯ ಗೋರಿಯ ಮುಂದೆ ಅಲ್ಲಮಪ್ರಭು ಎಂದೇ ಕೈಮುಗಿಯುವವರಿದ್ದಾರೆ. ನಾನಕ್ ಝೀರಾದ ನೀರನ್ನು ಬಾಟಲಿಯಲ್ಲಿ ತುಂಬಿಕೊಳ್ಳುವವರಿದ್ದಾರೆ. ನರಸಿಂಹ ಝರಣಿಯಲ್ಲಿ ಎದೆಮಟ್ಟದ ನೀರಿನ ಸುರಂಗ ದಾಟುವವರಿದ್ದಾರೆ. ಮನೆಯಲ್ಲಿ ತುಟಿ ಬಿಚ್ಚದವರು ಅಲ್ಲಿ ಗಟ್ಟಿಯಾಗಿ ಕೇಳಿಕೊಳ್ಳುತ್ತಾರೆ: ಮಗಳ ಮದುವೆ ಆಗುವ ತನಕ ಇಡಪ್ಪಾ. ಎಷ್ಟು ಗೊತ್ತಿದೆ, ಏನು ಬೇಕಿದೆ, ಯಾವುದರ ಭಯ, ಮೂರೂ ಆ ಒಂದು ಹರಕೆಯಲ್ಲಿವೆ. ಹರಕೆ ಕಟ್ಟುವಾಗ ಪಕ್ಕದಲ್ಲಿದ್ದವರು ಕಿವಿಗೊಟ್ಟರೆ ಡಾಕ್ಟರ ಪ್ರಶ್ನೆಗಳಿಗೆ ಅರ್ಧ ಉತ್ತರ ಸಿಕ್ಕಂತೆ.

*

ಶರಣರು ಸಾವನ್ನು ಹಬ್ಬದಂತೆ ಕಂಡರು ಎಂದು ಶ್ರಾವಣದ ಪ್ರವಚನದಲ್ಲಿ ಕೇಳಿ ತಲೆದೂಗುತ್ತೇವೆ. ಮನೆಗೆ ಬಂದಾಗ ಅಪ್ಪ, "ನಾ ಹ್ವಾದ ಮ್ಯಾಲ ಆ ಹೊಲ..." ಎಂದು ಶುರು ಮಾಡಿದರೆ, "ಛೀ, ಅಶುಭ ಮಾತಾಡಬ್ಯಾಡ" ಎಂದು ಬಾಯಿ ಮುಚ್ಚಿಸುತ್ತೇವೆ. ಆಮೇಲೆ ಆ ಹೊಲದ ಮಾತು ಕೋರ್ಟಿನಲ್ಲಿ ಮುಂದುವರಿಯುತ್ತದೆ.

*

ದುಡ್ಡಿನ ಮಾತನ್ನು ರೋಗಿಯ ಮುಂದೆ ಆಡಬಾರದು ಎನ್ನುತ್ತಾರೆ. ಪಕ್ಕದ ಕೋಣೆಯಲ್ಲಿ ಆಡುತ್ತಾರೆ. ಗೋಡೆ ಮಣ್ಣಿನದಾಗಲಿ ಸಿಮೆಂಟಿನದಾಗಲಿ, ಎರಡು ಎಕರೆ ತೊಗರಿ ಹೊಲದ ರೇಟು ಅದನ್ನು ದಾಟಿ ಬರುತ್ತದೆ. ಮರುದಿನ ಬೆಳಿಗ್ಗೆ ಮುದುಕ, "ಈಗ ಬ್ಯಾನಿ ಇಲ್ಲ, ಹೈದರಾಬಾದಿಗಿ ಬ್ಯಾಡ" ಎನ್ನುತ್ತಾನೆ. ಹೆದರಿಕೊಂಡಿದ್ದಾನೆ ಎಂದು ಮಕ್ಕಳು ತಿಳಿಯುತ್ತಾರೆ. ಅವನು ಲೆಕ್ಕ ಹಾಕಿ ಮುಗಿಸಿದ್ದಾನೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡಿನಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯ ತನಕ ಚಿಕಿತ್ಸೆ ಇದೆ. ಅದು ಯಾವ ಆಸ್ಪತ್ರೆಯಲ್ಲಿ ನಡೆಯುತ್ತದೆ, ರೆಫರಲ್ ಎಲ್ಲಿ ಬರೆಸಬೇಕು, ಬಸ್ ಚಾರ್ಜು ಮತ್ತು ಮಗನ ಕೂಲಿ ಯಾರು ಕೊಡುತ್ತಾರೆ, ಇಷ್ಟನ್ನು ಅವನ ಜೊತೆಗೇ ಕೂತು ಕಾಗದದ ಮೇಲೆ ಬರೆಯಬೇಕು. ಐವತ್ತು ವರ್ಷ ಆ ಮನೆಯ ಲೆಕ್ಕ ಬರೆದವನು ಅವನು. ಜ್ವರ ಬಂದ ಮಾತ್ರಕ್ಕೆ ಅವನನ್ನು ಮಗುವೆಂದು ನೋಡಬಾರದು.

*

'ತಡ್ಕೋ' ಎಂಬುದು ಔಷಧವಲ್ಲ. ಕ್ಯಾನ್ಸರಿನ ತೀವ್ರ ನೋವಿಗೆ ಮಾರ್ಫಿನ್ ಗುಳಿಗೆ ಇದೆ. ಅದನ್ನು ಆಸ್ಪತ್ರೆಗಳು ಇಟ್ಟುಕೊಳ್ಳಲು ಅಡ್ಡಿಯಾಗಿದ್ದ ಲೈಸೆನ್ಸುಗಳ ಗೊಂದಲವನ್ನು ಸಡಿಲಿಸಲು 2014ರಲ್ಲಿ ಮಾದಕ ವಸ್ತುಗಳ ಕಾಯ್ದೆಗೆ ತಿದ್ದುಪಡಿಯೂ ಆಗಿದೆ. ನೋವಿನಲ್ಲಿದ್ದವನ ಜೊತೆ ಸತ್ಯದ ಮಾತೂ ಬೇಡ, ಸಮಾಧಾನದ ಮಾತೂ ಬೇಡ. ಮೊದಲು ನೋವು ಇಳಿಯಲಿ.

*

ದಾವಣಗೆರೆಯ ನಿವೃತ್ತ ಶಿಕ್ಷಕಿ ಎಚ್.ಬಿ. ಕರಿಬಸಮ್ಮ ಘನತೆಯಿಂದ ಸಾಯುವ ಹಕ್ಕಿಗಾಗಿ ವರ್ಷಾನುಗಟ್ಟಲೆ ಪತ್ರ ಬರೆದರು, ಕಚೇರಿ ಅಲೆದರು. ಸುಪ್ರೀಂ ಕೋರ್ಟು 2018ರಲ್ಲಿ ಆ ಹಕ್ಕನ್ನು ಒಪ್ಪಿ, 2023ರಲ್ಲಿ ಅದರ ಕ್ರಮವನ್ನು ಸರಳ ಮಾಡಿತು. ಕರ್ನಾಟಕ ಸರ್ಕಾರ 2025ರ ಜನವರಿ 30ರಂದು ಸುತ್ತೋಲೆ ಹೊರಡಿಸಿತು. ಇನ್ನು ವಾಸಿಯಾಗದ ಸ್ಥಿತಿಯಲ್ಲಿ ಯಂತ್ರದ ಮೇಲೆ ಇಡಬೇಡಿ ಎಂದು ಮೊದಲೇ ಬರೆದಿಡಬಹುದು, ತನ್ನ ಪರವಾಗಿ ನಿರ್ಧರಿಸುವವರ ಹೆಸರನ್ನೂ ಬರೆಯಬಹುದು. ಕಾಗದಕ್ಕೆ ಸಾಕ್ಷಿಗಳು ಸಿಗುತ್ತಾರೆ. ಇಂಥದೊಂದು ಕಾಗದ ಬರೆಯುತ್ತೇನೆ ಎಂದು ಮನೆಯಲ್ಲಿ ಹೇಳಿದಾಗ ಎದ್ದು ಹೋಗದೆ ಕೂರುವವರು ಸಿಗುವುದು ಕಷ್ಟ.

*

ಬೆಂಗಳೂರಿನ ಮಗ ವಿಡಿಯೊ ಕಾಲ್ ಮಾಡುವ ಹೊತ್ತಿಗೆ ತಲೆ ಬಾಚಿ ಕೂರಿಸಿರುತ್ತಾರೆ.

*

ರೋಗದ ಬಗ್ಗೆ ಜೋಕು ಹೊಡೆಯುವ ಹಕ್ಕು ರೋಗಿಗೆ ಇದೆ. ನಗುವ ಹಕ್ಕು ನಮಗೂ ಇದೆ, ಅವನು ನಕ್ಕ ಮೇಲೆ. ಭಾರತಿ ಬಿ.ವಿ. ಅವರು ತಮ್ಮ ಕ್ಯಾನ್ಸರಿನ ದಿನಗಳನ್ನು 'ಸಾಸಿವೆ ತಂದವಳು' ಪುಸ್ತಕದಲ್ಲಿ ಕನ್ನಡದಲ್ಲೇ ಬರೆದರು. ಮಾತಾಡಿಸಲು ಹೊರಟವರು ಬಾಳೆಹಣ್ಣು ಕೊಳ್ಳುವ ಮೊದಲು ಓದಿಕೊಳ್ಳಬೇಕಾದ ಪುಸ್ತಕ.

*

ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ಮಾತಿಗೆ ತಡೆಯೇ ಇಲ್ಲ. ವಾರಕ್ಕೆ ಎರಡು ಮೂರು ಸಲ, ಪ್ರತಿ ಸಲ ಸುಮಾರು ನಾಲ್ಕು ಗಂಟೆ ಅದೇ ಮಂಚ, ಅದೇ ನೆರೆ. ಮನೆಯವರು ಹೊರಗೆ ಬೆಂಚಿನ ಮೇಲೆ. ಒಳಗೆ ಭಾಲ್ಕಿಯವನು ಔರಾದದವನಿಗೆ ಕ್ರಿಯೇಟಿನಿನ್ ಎಷ್ಟು ಎಂದು ಕೇಳುತ್ತಾನೆ, ನೀರು ಎಷ್ಟು ಕುಡಿದೆ ಎಂದು ಬೈಯುತ್ತಾನೆ, ಕದ್ದು ಕುಡಿದ ಚಹಾದ ಸಂಗತಿ ಹೇಳಿಕೊಳ್ಳುತ್ತಾನೆ. ಮೂಲೆಯ ಮಂಚದಲ್ಲಿ ಹೊಸ ಮುಖ ಕಂಡರೆ ನರ್ಸಮ್ಮನನ್ನು ನೇರವಾಗಿಯೇ ಕೇಳುತ್ತಾರೆ: "ಅಂವ ಹೋದನೇನ್ರಿ?" ಅವಳೂ ನೇರವಾಗಿಯೇ ಹೇಳುತ್ತಾಳೆ: "ಹೌದ್ರಿ, ಮೊನ್ನೆ." ಒಬ್ಬ ಅವನ ಮಕ್ಕಳ ವಯಸ್ಸು ಕೇಳುತ್ತಾನೆ. ಇನ್ನೊಬ್ಬ ಅವನು ಕೈಗಡ ಪಡೆದಿದ್ದ ನೂರು ರೂಪಾಯಿಯನ್ನು ನೆನೆಸಿ ಬಿಟ್ಟುಬಿಡುತ್ತಾನೆ. ಆಮೇಲೆ ಸೋಯಾ ರೇಟಿನ ಮಾತು ಬರುತ್ತದೆ, ಹೊಸಬನಿಗೂ ಕೇಳುತ್ತಾರೆ: "ನಿಮ್ಮ ಕಡಿ ಎಷ್ಟ್ ನಡದದ್ರಿ?"