ಕಳೆಯುವ ಲೆಕ್ಕ

ಐವತ್ತೆರಡರಲ್ಲಿ ಮೂವತ್ತೇಳನ್ನು ಕಳೆದರೆ ಇಪ್ಪತ್ತೈದು ಎಂದು ನನ್ನ ಮೂರನೆಯ ತರಗತಿಯ ಹುಡುಗನೊಬ್ಬ ಮೂರು ದಿನ ಬರೆದ. ಮೂರು ದಿನವೂ ನಾನು ಅವನ ಗೆಣ್ಣಿನ ಮೇಲೆ ಅಡಿಕೋಲಿನಿಂದ ಹೊಡೆದೆ. ಪಾಠದ ಮೇಲೆ ಗಮನವಿಲ್ಲ ಎಂಬುದು ನನ್ನ ತೀರ್ಮಾನ. ಮೇಷ್ಟರಾಗಿ ಅದು ನನ್ನ ಎರಡನೆಯ ವರ್ಷ. ಹೊಸಬರ ಕೈ ಸ್ವಲ್ಪ ಬೇಗ ಏಳುತ್ತದೆ.

ಬಹಳ ವರ್ಷಗಳ ಮೇಲೆ ಕಂಪ್ಯೂಟರಿನ ಬಗ್ಗೆ ಏನನ್ನೋ ಓದುತ್ತಿದ್ದಾಗ ಅದೇ ಹುಡುಗ ಎದುರಿಗೆ ಬಂದು ನಿಂತ. ಮಕ್ಕಳು ಕಳೆಯುವ ಲೆಕ್ಕದಲ್ಲಿ ಮಾಡುವ ತಪ್ಪುಗಳ ಬಗ್ಗೆ ಅಮೆರಿಕದ ಜಾನ್ ಸೀಲಿ ಬ್ರೌನ್ ಮತ್ತು ರಿಚರ್ಡ್ ಬರ್ಟನ್ 1978ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ನಿಕರಾಗುವಾ ದೇಶದ ಸಾವಿರಕ್ಕೂ ಹೆಚ್ಚು ಮಕ್ಕಳ ಉತ್ತರಗಳನ್ನು ಅವರು ನೋಡಿದ್ದರು. ಕೆಲವು ಬರಿಯ ಕೈತಪ್ಪುಗಳು. ಆದರೆ ಎಷ್ಟೋ ಮಕ್ಕಳು ಒಂದು ನಿಯಮವನ್ನು ಹಿಡಿದು, ಅದನ್ನು ಚಾಚೂ ತಪ್ಪದೆ ಪಾಲಿಸಿಯೇ ತಪ್ಪು ಉತ್ತರಕ್ಕೆ ಬಂದಿದ್ದರು. ಅಂಥ ನಿಯಮಗಳಲ್ಲೊಂದು ಹೀಗಿದೆ: ಯಾವ ಅಂಕಿ ಮೇಲಿದ್ದರೂ ಸರಿ, ದೊಡ್ಡದರಿಂದ ಚಿಕ್ಕದನ್ನು ಕಳೆ. ಏಳರಲ್ಲಿ ಎರಡು ಹೋದರೆ ಐದು, ಐದರಲ್ಲಿ ಮೂರು ಹೋದರೆ ಎರಡು. ಇಪ್ಪತ್ತೈದು! ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ.

ಆಮೇಲಿನವರು ಇನ್ನೂ ಮುಂದೆ ಹೋದರು. ಪಿಟ್ಸ್‌ಬರ್ಗಿನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಜಾನ್ ಆಂಡರ್ಸನ್ ಮತ್ತು ಅವರ ಸಂಗಡಿಗರು ಮನುಷ್ಯನ ಮನಸ್ಸು ಕಲಿಯುವ ಬಗೆಗೊಂದು ಮಾದರಿ ಕಟ್ಟಿ, ಅದರ ಆಧಾರದ ಮೇಲೆ ಪಾಠ ಹೇಳುವ ಯಂತ್ರಗಳನ್ನು ಮಾಡಿದರು. ಒಂದೊಂದು ಉತ್ತರ ಬಂದಾಗಲೂ ಈ ಮಗುವಿಗೆ ಇದು ತಿಳಿದಿರುವ ಸಂಭವ ನೂರಕ್ಕೆ ಎಷ್ಟು ಎಂದು ಯಂತ್ರ ತಿದ್ದಿಕೊಳ್ಳುತ್ತದೆ. ತೊಂಬತ್ತೈದು ಮುಟ್ಟಿದರೆ ಮುಂದಿನ ಪಾಠ. ಬಲ್ಲವನೂ ಜಾರಬಹುದು, ಅರಿಯದವನೂ ಊಹಿಸಿ ಗೆಲ್ಲಬಹುದು ಎಂಬುದಕ್ಕೆ ಆ ಲೆಕ್ಕದಲ್ಲಿ ಜಾಗವಿದೆ. ಅಷ್ಟು ರಿಯಾಯಿತಿಯನ್ನು ನಾನು ಯಾರಿಗೂ ಕೊಟ್ಟವನಲ್ಲ. (ಆದರೆ ಆ ಮೂಲ ಲೆಕ್ಕದ ಪ್ರಕಾರ ಒಮ್ಮೆ ಕಲಿತದ್ದು ಮರೆಯುವುದೇ ಇಲ್ಲ. ಬೇಸಿಗೆ ರಜೆ ಮುಗಿಸಿ ಬಂದ ಮಕ್ಕಳನ್ನು ಅವರಿಗೆ ತೋರಿಸಬೇಕಿತ್ತು.)

ಆ ಯಂತ್ರ ನನ್ನ ಜಾಗದಲ್ಲಿದ್ದಿದ್ದರೆ ಹುಡುಗನಿಗೆ ಏಟು ತಪ್ಪುತ್ತಿತ್ತು, ನಿಜ. ಆದರೂ ಒಂದು ವಿಷಯ ನನ್ನನ್ನು ಕೊರೆಯುತ್ತದೆ. ಅವನ ಮನಸ್ಸಿನ ಚಿತ್ರ ಬರೆದು, ತಪ್ಪು ನಿಯಮ ಇಲ್ಲಿದೆ ಎಂದು ಯಂತ್ರ ಅವನ ತಲೆಯೊಳಗೆ ಬೆರಳಿಟ್ಟು ತೋರಿಸುತ್ತಿತ್ತು. ಆ ನಿಯಮ ಅಲ್ಲಿಗೆ ಎಲ್ಲಿಂದ ಬಂತು? ಹಿಂದಿನ ವರ್ಷ, ಎರಡನೆಯ ತರಗತಿಯಲ್ಲಿ, "ಚಿಕ್ಕದರಲ್ಲಿ ದೊಡ್ಡದು ಹೋಗೋದಿಲ್ಲ, ಯಾವಾಗಲೂ ದೊಡ್ಡದರಲ್ಲಿ ಚಿಕ್ಕದನ್ನ ಕಳೀಬೇಕು" ಎಂದು ಕರಿಹಲಗೆಯ ಮುಂದೆ ನಿಂತು ಹೇಳಿಕೊಟ್ಟವನು ನಾನೇ. ಇಡೀ ತರಗತಿಯಲ್ಲಿ ನನ್ನ ಮಾತನ್ನು ಅಷ್ಟು ನಿಷ್ಠೆಯಿಂದ ನಡೆಸಿದವನು ಅವನೊಬ್ಬನೇ ಇರಬೇಕು. ಮಗುವಿನ ಮಾದರಿಯಲ್ಲಿ ಮೇಷ್ಟರಿಗೆ ಮನೆಯಿಲ್ಲ. ಎಲ್ಲವೂ ಮಗುವಿನ ಖಾತೆಗೇ ಬರೆದಾಗುತ್ತದೆ.

"ಹೇಗೆ ಮಾಡ್ದೆ, ಹೇಳೋ" ಎಂದು ಒಂದು ಸಲ ಕೇಳಿದ್ದರೆ, "ನೀವೇ ಹೇಳಿದ್ರಲ್ಲ ಸಾರ್" ಎನ್ನುತ್ತಿದ್ದನೋ ಏನೋ. ಕೇಳಲಿಲ್ಲ.

ಈಗ ಅವನದು ಪೇಟೆಯಲ್ಲಿ ದಿನಸಿ ಅಂಗಡಿ. ಮೊನ್ನೆ ಅರವತ್ತಮೂರು ರೂಪಾಯಿಯ ಸಾಮಾನಿಗೆ ನೂರರ ನೋಟು ಕೊಟ್ಟೆ. "ಏಳು, ಎಪ್ಪತ್ತು; ಮೂವತ್ತು, ನೂರು" ಎಂದು ಕೂಡಿಸುತ್ತಲೇ ಚಿಲ್ಲರೆಯನ್ನು ನನ್ನ ಕೈಗಿಟ್ಟ. ಕಳೆಯುವ ಗೋಜಿಗೇ ಹೋಗಲಿಲ್ಲ. "ಎಣಿಸ್ಕೊಳ್ಳಿ ಸಾರ್" ಎಂದ. ನಾನು ಎಣಿಸಲಿಲ್ಲ.