ಕರ್ತೃ, ಕರಣ ಮತ್ತು ಸ್ಟಾರ್‌ಫೈಟರ್

ವಾಯುಯುದ್ಧದ ಗೆಲುವು ವಿಮಾನದ್ದೋ ಅದನ್ನು ಹಾರಿಸುವವನದ್ದೋ ಎಂಬ ವಾದ ಮೇಲ್ನೋಟಕ್ಕೆ ತಾಂತ್ರಿಕವೆನಿಸಿದರೂ ಅದರ ತಿರುಳಿನಲ್ಲಿರುವುದು ಕರ್ತೃತ್ವದ ಪ್ರಶ್ನೆ, ಅಂದರೆ ನಡೆದ ಕೆಲಸವನ್ನು ಯಾರ ಲೆಕ್ಕಕ್ಕೆ ಬರೆಯಬೇಕೆಂಬ ಹಳೆಯ ಜಿಜ್ಞಾಸೆ. ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯ ಯಾವುದೇ ಕರ್ಮದ ಸಿದ್ಧಿಗೆ ಐದು ಕಾರಣಗಳನ್ನು ಹೇಳುತ್ತದೆ: ಕರ್ಮಕ್ಕೆ ನೆಲೆಯಾದ ಅಧಿಷ್ಠಾನ, ಮಾಡುವ ಕರ್ತೃ, ಸಾಧನಗಳಾದ ಕರಣಗಳು, ಬಗೆಬಗೆಯ ಚೇಷ್ಟೆಗಳು, ಕೊನೆಗೆ ದೈವ. ಶಂಕರರ ಭಾಷ್ಯದಲ್ಲಿ ಅಧಿಷ್ಠಾನವೆಂದರೆ ಶರೀರ, ಕರಣಗಳೆಂದರೆ ಇಂದ್ರಿಯಗಳು. ವಿಮಾನವನ್ನು ಆ ಸಾಲಿಗೆ ಸೇರಿಸುವುದು ಅರ್ಥವನ್ನು ಹಿಗ್ಗಿಸಿದಂತೆ ನಿಜ, ಆದರೆ ರಥದ ಮೇಲೆ ನಡೆದ ಸಂವಾದದಲ್ಲಿ ಅಷ್ಟು ಸಲಿಗೆ ಸಲ್ಲಬಹುದು.

1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಕೊಡಗಿನವರಾದ ಸ್ಕ್ವಾಡ್ರನ್ ಲೀಡರ್ ಎ. ಬಿ. ದೇವಯ್ಯ ಹಾರಿಸುತ್ತಿದ್ದುದು ಫ್ರಾನ್ಸ್‌ನ ಮಿಸ್ಟೇರ್, ಸಮತಲ ಹಾರಾಟದಲ್ಲಿ ಶಬ್ದದ ವೇಗವನ್ನು ಮೀರಲಾರದ ವಿಮಾನ. ಎದುರಾದುದು ಶಬ್ದದ ಎರಡರಷ್ಟು ವೇಗದ ಎಫ್-104 ಸ್ಟಾರ್‌ಫೈಟರ್. ಕಾಗದದ ಮೇಲೆ ಇದು ಜೋಡಿಯೇ ಅಲ್ಲ. ಆದರೆ ಆ ವೇಗಕ್ಕಾಗಿಯೇ ಸ್ಟಾರ್‌ಫೈಟರ್‌ಗೆ ತೆಳುವಾದ, ಮೋಟಾದ ರೆಕ್ಕೆಗಳನ್ನು ಕೊಟ್ಟಿದ್ದುದರಿಂದ ಅದು ಬಿಗಿಯಾಗಿ ತಿರುಗಲಾರದು. ಅಮೆರಿಕದ ಜಾನ್ ಬಾಯ್ಡ್ ಅದೇ ದಶಕದಲ್ಲಿ ರೂಪಿಸಿದ ಸಿದ್ಧಾಂತದಂತೆ, ಎಂಜಿನಿನ ತಳ್ಳುಬಲದಿಂದ ಗಾಳಿಯ ತಡೆಯನ್ನು ಕಳೆದು, ವೇಗದಿಂದ ಗುಣಿಸಿ, ತೂಕದಿಂದ ಭಾಗಿಸಿದಾಗ ಬರುವ ಮೊತ್ತವೇ ವಿಮಾನವೊಂದು ಆ ಕ್ಷಣದಲ್ಲಿ ಏರಲು ಅಥವಾ ವೇಗ ಕೂಡಿಸಿಕೊಳ್ಳಲು ಉಳಿಸಿಕೊಂಡಿರುವ ಬಂಡವಾಳ, ಮತ್ತು ಪ್ರತಿಯೊಂದು ಬಿಗಿಯಾದ ತಿರುವೂ ಅದನ್ನು ಕರಗಿಸುತ್ತದೆ. ಸ್ಟಾರ್‌ಫೈಟರ್‌ನ ಪೈಲಟ್ ಅಮ್ಜದ್ ಹುಸೇನ್ ದೇವಯ್ಯನವರ ವಿಮಾನವನ್ನು ಘಾಸಿಗೊಳಿಸಿದರು. ಆದರೆ ಮುಂದೆ ಕೆಳಮಟ್ಟದ ಸುತ್ತುವ ಕಾದಾಟದಲ್ಲಿ ಸಿಲುಕಿ, ತಮ್ಮ ಒಂದೇ ಮೇಲುಗೈಯಾದ ವೇಗ ಕೈಬಿಟ್ಟಾಗ, ದೇವಯ್ಯನವರ ಫಿರಂಗಿ ಗುಂಡುಗಳಿಗೆ ಈಡಾಗಿ ವಿಮಾನದಿಂದ ಹೊರಜಿಗಿಯಬೇಕಾಯಿತು. ಇಲ್ಲಿ ಕರಣ ಸೋತಿತೆನ್ನುವುದು ಸರಿಯಲ್ಲ, ಅದರ ಗುಣಗಳಲ್ಲಿ ಯಾವುದು ಲೆಕ್ಕಕ್ಕೆ ಬರಬೇಕೆಂಬುದನ್ನು ಎದುರಾಳಿ ನಿರ್ಧರಿಸಿದ. ಕೌಶಲವೆಂಬುದರ ಬಹುಪಾಲು ಇದೇ. ಹಾಗೆಂದು ಕರ್ತೃ ಸರ್ವಸ್ವತಂತ್ರನೂ ಅಲ್ಲ: ಘಾಸಿಗೊಂಡ ಮಿಸ್ಟೇರ್ ಮರಳಲಿಲ್ಲ, ದೇವಯ್ಯ ಅಲ್ಲಿಯೇ ಮಡಿದರು.

ಕೌಶಲವನ್ನಾದರೂ ಒಬ್ಬನ ಸ್ವಂತ ಆಸ್ತಿಯೆನ್ನಬಹುದೇ? ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದ ನೌಕಾಪಡೆ ಮತ್ತು ವಾಯುಪಡೆ ಎರಡೂ ಫ್ಯಾಂಟಮ್ ವಿಮಾನವನ್ನೇ ಬಳಸಿದವು. ವಾಯುಪಡೆ ಅದಕ್ಕೆ ಒಳಗೇ ಫಿರಂಗಿ ಜೋಡಿಸಿತು, ನೌಕಾಪಡೆ 1969ರಲ್ಲಿ ಕ್ಯಾಲಿಫೋರ್ನಿಯಾದ ಮಿರಮಾರ್‌ನಲ್ಲಿ ಟಾಪ್‌ಗನ್ ಶಾಲೆ ತೆರೆದು, ಹಗುರವಾದ ಸ್ಕೈಹಾಕ್‌ಗಳನ್ನು ಶತ್ರುವಿನ ಮಿಗ್‌ಗಳ ಪಾತ್ರದಲ್ಲಿ ಹಾರಿಸಿ ತನ್ನ ಪೈಲಟ್‌ಗಳನ್ನು ಪಳಗಿಸಿತು. ಯುದ್ಧದ ಕೊನೆಯ ಹಂತದಲ್ಲಿ ತಾನು ಕಳೆದುಕೊಂಡ ಒಂದು ವಿಮಾನಕ್ಕೆ ಸುಮಾರು ಹನ್ನೆರಡನ್ನು ಉರುಳಿಸಿದ್ದಾಗಿ ನೌಕಾಪಡೆಯ ಲೆಕ್ಕ ಹೇಳಿತು. ವಾಯುಪಡೆಯ ಅನುಪಾತ ಹೆಚ್ಚೇನೂ ಏರಲಿಲ್ಲ. ಯಂತ್ರವಾದಿಗಳಿಗೆ ಇದು ಇರಿಸುಮುರಿಸಿನ ಸಂಗತಿ. ಆದರೂ ಆ ಹನ್ನೆರಡರ ಹಿಂದೆ ಸುಧಾರಿಸಿದ ಕ್ಷಿಪಣಿಗಳಿದ್ದವು, ಟಾಂಕಿನ್ ಕೊಲ್ಲಿಯ ಹಡಗಿನಿಂದ ರೇಡಾರ್ ನೋಡಿ ದಾರಿ ತೋರುತ್ತಿದ್ದವರಿದ್ದರು, ಕಲಿಸಿದ ಗುರುಗಳಿದ್ದರು. ಹೀಗೆ ಕರ್ತೃವೆಂದು ಬೆರಳು ತೋರಿದಲ್ಲೆಲ್ಲ ಮತ್ತಷ್ಟು ಕರಣಗಳೂ ಪರರ ಚೇಷ್ಟೆಗಳೂ ಸಿಗುತ್ತವೆ. ತಾನೊಬ್ಬನೇ ಕರ್ತೃವೆಂದು ಕಾಣುವವನ ನೋಟವನ್ನು ಗೀತೆ ದೋಷವೆಂದು ಎಣಿಸುವುದು ಈ ಕಾರಣಕ್ಕೇ.

ಪದಕ ಕೊಡುವ ಸರ್ಕಾರಕ್ಕೆ ಮಾತ್ರ ಒಂದು ಹೆಸರು ಬೇಕು. ಸರ್ಗೋಧಾದ ಆ ಕಾದಾಟದ ವಿವರ ಭಾರತಕ್ಕೆ ತಿಳಿದುದು ಬಹುಕಾಲದ ಮೇಲೆ, ಪಾಕಿಸ್ತಾನದ ಕಡೆಯ ವೃತ್ತಾಂತವನ್ನು ಆಧರಿಸಿ ಬ್ರಿಟಿಷ್ ಲೇಖಕನೊಬ್ಬ ಬರೆದ ಪುಸ್ತಕದಿಂದ. ದೇವಯ್ಯನವರಿಗೆ ಮರಣೋತ್ತರ ಮಹಾವೀರ ಚಕ್ರ ಸಂದುದು 1988ರಲ್ಲಿ.